ಹುಡುಕಿದಾಗ ಸಿಕ್ಕವರು

‘ನಮ್ಮದೇನೂ ಅಭ್ಯಂತರವಿಲ್ಲ, ಆದರೆ ಅರ್ಹ ಹೆಂಗಸರು ಸಿಗಬೇಕಲ್ಲ!’ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಮಹಿಳೆಯರು ಯಾಕಿಲ್ಲ ಎಂದು ಯಾವ ದೇಶದಲ್ಲಿ ಕೇಳಿದರೂ ಬಹುಕಾಲ ಬರುತ್ತಿದ್ದ ಉತ್ತರ ಇದು. ಹೇಳುವವರು ಕೆಟ್ಟ ಮನಸ್ಸಿನಿಂದ ಹೇಳುತ್ತಿದ್ದರು ಎಂದಲ್ಲ. ಬಹಳಷ್ಟು ಜನ ಅದನ್ನು ನಂಬಿಯೇ ಇದ್ದರು. ಇದು ಅಭಿಪ್ರಾಯದ ಧಾಟಿಯಲ್ಲಿ ಕೇಳಿಸುತ್ತದೆ, ಆದರೆ ಪರೀಕ್ಷೆಗೆ ಒಡ್ಡಬಹುದಾದ ಮಾತು. ಅರ್ಹರು ಇದ್ದಾರೆ ಇಲ್ಲವೇ ಇಲ್ಲ, ಎರಡರಲ್ಲಿ ಒಂದು ನಿಜವಾಗಿರಲೇಬೇಕು. ಹಾಗಿದ್ದೂ ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಒಂದೆರಡು ಕಂಪನಿ ಹುಡುಕಿದರೆ ಸಾಲದು, ಒಂದು ದೇಶದ ದೊಡ್ಡ ಕಂಪನಿಗಳೆಲ್ಲ ಒಟ್ಟಿಗೆ ಹುಡುಕಾಟಕ್ಕೆ ಇಳಿಯಬೇಕು. ಸಿಗದಿದ್ದರೆ ತಮಗೇ ನಷ್ಟ ಎಂಬ ಭಯವೂ ಇರಬೇಕು. ಅಂಥದ್ದು ತಾನಾಗಿ ನಡೆಯುವುದಿಲ್ಲ.

ನಾರ್ವೆಯಲ್ಲಿ ಅದು ನಡೆಯಿತು. ನಡೆಸಿದವರ ಗುರಿ ಕಾನೂನು ತರುವುದಾಗಿತ್ತು. ಆ ಕಾನೂನಿನ ಬೆನ್ನಿಗೇ ಈ ಮಾತಿನ ಪರೀಕ್ಷೆಯೂ ನಡೆದುಹೋಯಿತು.

ನಾರ್ವೆ ಈ ವಿಷಯದಲ್ಲಿ ಹಿಂದುಳಿದ ದೇಶವೇನೂ ಆಗಿರಲಿಲ್ಲ. 1986ರಲ್ಲಿ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಪ್ರಧಾನಿಯಾಗಿ ರಚಿಸಿದ ಸಂಪುಟದ 18 ಮಂದಿಯಲ್ಲಿ 8 ಜನ ಮಹಿಳೆಯರಿದ್ದರು. ಜಗತ್ತು ಆಗ ಅದನ್ನು ಬೆರಗಿನಿಂದ ನೋಡಿತ್ತು. ಸರ್ಕಾರ ನೇಮಿಸುವ ಸಮಿತಿ, ಮಂಡಳಿಗಳಲ್ಲಿ ಗಂಡಸರಾಗಲಿ ಹೆಂಗಸರಾಗಲಿ ಶೇ. 40ಕ್ಕಿಂತ ಕಡಿಮೆ ಇರಬಾರದೆಂಬ ನಿಯಮ 1988ರಲ್ಲೇ ಬಂದಿತ್ತು. ಆದರೂ 2002ರ ಹೊತ್ತಿಗೆ ಅಲ್ಲಿನ ದೊಡ್ಡ ಕಂಪನಿಗಳ ನಿರ್ದೇಶಕರಲ್ಲಿ ಮಹಿಳೆಯರು ಸುಮಾರು ಶೇ. 6 ಮಾತ್ರ. ರಾಜಕೀಯದಲ್ಲಿ ಬಾಗಿಲು ತೆರೆದಿತ್ತು, ವಿಶ್ವವಿದ್ಯಾಲಯಗಳಲ್ಲಿ ತೆರೆದಿತ್ತು, ಆಸ್ಪತ್ರೆ ಕಚೇರಿಗಳಲ್ಲೂ ತೆರೆದಿತ್ತು. ಹಣ ಎಲ್ಲಿಗೆ ಹೋಗಬೇಕು, ಯಾವ ಕಾರ್ಖಾನೆ ಮುಚ್ಚಬೇಕು, ಮುಖ್ಯ ಕಾರ್ಯನಿರ್ವಾಹಕ ಯಾರಾಗಬೇಕು ಎಂದು ತೀರ್ಮಾನವಾಗುವ ಕೋಣೆಯೊಂದು ಮಾತ್ರ ಮುಚ್ಚಿಕೊಂಡೇ ಇತ್ತು. ಒಂದು ಕಡೆ ಬದಲಾದ ಸಮಾಜ ಎಲ್ಲ ಕಡೆಯೂ ತಾನಾಗಿ ಬದಲಾಗುತ್ತದೆ ಎಂಬ ನಂಬಿಕೆಗೆ ಈ ಅಂಕಿಯೇ ಮೊದಲ ಪೆಟ್ಟು ಕೊಟ್ಟಿತು.

ಸರಿಪಡಿಸುವ ಮೊದಲ ಪ್ರಯತ್ನ 1999ರಲ್ಲಿ ನಡೆಯಿತು. ಮಕ್ಕಳು ಮತ್ತು ಕುಟುಂಬ ಖಾತೆಯ ಸಚಿವೆ ವಾಲ್‌ಗೆರ್ಡ್ ಸ್ವಾರ್‌ಸ್ಟಾಡ್ ಹೌಗ್‌ಲಾಂಡ್ ಶೇ. 25ರ ಪ್ರಸ್ತಾವವನ್ನು ಸಾರ್ವಜನಿಕ ಚರ್ಚೆಗೆ ಬಿಟ್ಟರು. ಅದನ್ನು ಸೇರಿಸಹೊರಟಿದ್ದು ಲಿಂಗ ಸಮಾನತೆಯ ಕಾಯ್ದೆಗೆ. ಉದ್ಯಮದವರು ಒಪ್ಪಲಿಲ್ಲ. ಷೇರುದಾರರು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸಿಕೊಳ್ಳುವ ಹಕ್ಕಿಗೆ ಸಮಾನತೆಯ ಕಾನೂನು ಕೈಹಾಕಬಹುದೇ ಎಂಬ ಪ್ರಶ್ನೆ ಎದ್ದಿತು. 2001ರಲ್ಲಿ ಲೇಬರ್ ಪಕ್ಷದ ಸರ್ಕಾರ ಮತ್ತೆ ಕೈಗೆತ್ತಿಕೊಂಡು ಪ್ರಮಾಣವನ್ನು ಶೇ. 40ಕ್ಕೆ ಏರಿಸಿತು. ಅಷ್ಟೇ ಅಲ್ಲ, ನಿಯಮವನ್ನು ಸಮಾನತೆಯ ಕಾಯ್ದೆಯಿಂದ ತೆಗೆದು ಕಂಪನಿ ಕಾಯ್ದೆಗೆ ಸೇರಿಸುವ ಯೋಚನೆ ಬಂತು. ಕಡತದ ಮೇಲಿನ ಈ ಸಣ್ಣ ಬದಲಾವಣೆಯನ್ನು ಆಗ ಹೆಚ್ಚು ಜನ ಗಮನಿಸಲಿಲ್ಲ. ಇಡೀ ಕತೆಯಲ್ಲಿ ನಿಜವಾದ ಆವಿಷ್ಕಾರ ಯಾವುದು ಎಂದು ಕೇಳಿದರೆ ನಾನು ತೋರಿಸುವುದು ಇದನ್ನೇ. ಯಾಕೆಂದು ಮುಂದೆ ಹೇಳುತ್ತೇನೆ.

ಆ ಸರ್ಕಾರ ಚುನಾವಣೆಯಲ್ಲಿ ಸೋತಿತು. 2001ರ ಅಕ್ಟೋಬರಿನಲ್ಲಿ ಷೆಲ್ ಮಾಗ್ನೆ ಬೊಂಡೆವಿಕ್ ಅವರ ಸಮ್ಮಿಶ್ರ ಸರ್ಕಾರ ಬಂತು. ಬಲಪಂಥೀಯರ ಕೈಯಲ್ಲಿ ಈ ಕಡತ ಧೂಳು ಹಿಡಿಯುತ್ತದೆ ಎಂದೇ ಎಲ್ಲರೂ ಭಾವಿಸಿದರು. ವ್ಯಾಪಾರ ಮತ್ತು ಕೈಗಾರಿಕಾ ಸಚಿವರಾದವರು ಕನ್ಸರ್ವೇಟಿವ್ ಪಕ್ಷದ ಆನ್ಸ್‌ಗಾರ್ ಗೇಬ್ರಿಯೆಲ್‌ಸೆನ್. ದೇಶದ ದಕ್ಷಿಣ ಕರಾವಳಿಯ ಮಾಂದಾಲ್ ಕಡೆಯವರು. ಸ್ತ್ರೀವಾದಿ ಎಂದು ಯಾರೂ ಅವರನ್ನು ಕರೆದಿರಲಿಲ್ಲ. 2002ರ ಫೆಬ್ರವರಿ 22ರಂದು ವೇಗೇ ಎಂಬ ಜನಪ್ರಿಯ ಪತ್ರಿಕೆಯಲ್ಲಿ ಅವರ ಮಾತು ಅಚ್ಚಾಯಿತು: ಉದ್ಯಮಲೋಕದ ಈ ಗಂಡಸರ ಕೂಟ ನೋಡಿ ನೋಡಿ ಸಾಕಾಗಿದೆ, ಬೋರ್ಡುಗಳಲ್ಲಿ ಶೇ. 40 ಹೆಂಗಸರು ಇರಲೇಬೇಕೆಂದು ಕಾನೂನು ತರಬೇಕು. ಪ್ರಧಾನಿಗೆ ಮುಂಚಿತವಾಗಿ ಹೇಳಿರಲಿಲ್ಲ, ಸಂಪುಟದಲ್ಲಿ ಚರ್ಚಿಸಿರಲಿಲ್ಲ. ಹೇಳಿದ್ದರೆ ಅಲ್ಲೇ ತಡೆಯುತ್ತಿದ್ದರು ಎಂಬುದು ಅವರಿಗೆ ಗೊತ್ತಿತ್ತು. ಅವರ ಪಕ್ಷದವರೇ ದಂಗಾದರು.

ಎಡಪಕ್ಷದ ಮಂತ್ರಿಯೊಬ್ಬರು ಇದನ್ನೇ ಹೇಳಿದ್ದರೆ ‘ಇವರದು ಯಾವಾಗಲೂ ಇದ್ದದ್ದೇ’ ಎಂದು ಉದ್ಯಮಿಗಳು ಬದಿಗೆ ಸರಿಸುತ್ತಿದ್ದರು. ಇಲ್ಲಿ ಹೇಳಿದವರು ಅವರದೇ ಪಕ್ಷದ ಉದ್ಯಮ ಸಚಿವರು. ಸರ್ಕಾರಕ್ಕೆ ಷೇರಿರುವ ಕಂಪನಿಗಳ ಹೊಣೆಯೂ ಅವರ ಖಾತೆಯದೇ. ಅವರ ವಾದವೂ ಬೇರೆ. ಹೆಂಗಸರಿಗೆ ನ್ಯಾಯ ಸಿಗಲಿ ಎಂಬುದಕ್ಕಿಂತ, ದೇಶ ತನ್ನ ಅರ್ಧದಷ್ಟು ಜನರನ್ನು ಓದಿಸಿ, ತರಬೇತಿ ಕೊಟ್ಟು, ಕೊನೆಗೆ ಮೇಲಿನ ಮೆಟ್ಟಿಲಲ್ಲಿ ಬಳಸದೇ ಬಿಡುವುದು ಆರ್ಥಿಕ ನಷ್ಟ ಎನ್ನುವುದು ಅವರು ಮತ್ತೆ ಮತ್ತೆ ಹೇಳಿದ ಮಾತು. ಹದಿನೈದು ದಿನ ಕಳೆಯುವಷ್ಟರಲ್ಲಿ, ಮಾರ್ಚ್ 8ರಂದು, ಸರ್ಕಾರವೇ ಅದನ್ನು ತನ್ನ ನಿಲುವೆಂದು ಘೋಷಿಸಿತು. ಜೊತೆಗೆ ಒಂದು ಷರತ್ತೂ ಇತ್ತು. ಕಂಪನಿಗಳು ತಾವಾಗಿಯೇ 2005ರ ಜುಲೈ 1ರೊಳಗೆ ಶೇ. 40 ಮುಟ್ಟಿದರೆ ಕಡ್ಡಾಯ ಜಾರಿಯಾಗುವುದಿಲ್ಲ. 2003ರ ಕೊನೆಗೆ ಸಂಸತ್ತು ಮಸೂದೆಗೆ ಒಪ್ಪಿಗೆ ಕೊಟ್ಟಿತು. ವಿರೋಧಿಸಿ ನಿಂತದ್ದು ಪ್ರೋಗ್ರೆಸ್ ಪಾರ್ಟಿ ಒಂದೇ.

ಈಗ ಆ ಕಂಪನಿ ಕಾಯ್ದೆಯ ವಿಷಯಕ್ಕೆ ಬರುತ್ತೇನೆ. ಕಾಯ್ದೆಯ ಕಲಮನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಭಾಷಣವಿಲ್ಲ, ಬರಿಯ ಲೆಕ್ಕವಿದೆ. ಮಂಡಳಿಯಲ್ಲಿ ಇಬ್ಬರು ಅಥವಾ ಮೂವರಿದ್ದರೆ ಹೆಣ್ಣು ಗಂಡು ಎರಡೂ ಇರಬೇಕು. ನಾಲ್ವರು ಅಥವಾ ಐವರಿದ್ದರೆ ಎರಡೂ ಕಡೆಯಿಂದ ಕನಿಷ್ಠ ಇಬ್ಬರು. ಆರರಿಂದ ಎಂಟು ಜನರಿದ್ದರೆ ಕನಿಷ್ಠ ಮೂವರು. ಒಂಬತ್ತಾದರೆ ಕನಿಷ್ಠ ನಾಲ್ವರು. ಅದಕ್ಕೂ ಮೇಲಾದರೆ ಶೇ. 40. ‘ಮಹಿಳೆಯರಿಗೆ ಇಷ್ಟು’ ಎಂದು ಎಲ್ಲೂ ಇಲ್ಲ, ಎರಡೂ ಕಡೆಯವರಿಗೆ ಒಂದೇ ಅಳತೆ. ನಾಳೆ ಬರೀ ಹೆಂಗಸರೇ ತುಂಬಿದ ಮಂಡಳಿ ಬಂದರೆ ಗಂಡಸರನ್ನು ಕಾಯುವುದೂ ಇದೇ ಕಲಮು.

ಪಾಲಿಸದಿದ್ದರೆ ಏನು ಶಿಕ್ಷೆ? ಹೊಸ ದಂಡವನ್ನೇನೂ ಸೃಷ್ಟಿಸಲಿಲ್ಲ. ನಾರ್ವೆಯ ಕಂಪನಿ ಕಾಯ್ದೆಯಲ್ಲಿ ಮೊದಲಿನಿಂದಲೂ ಒಂದು ನಿಯಮವಿತ್ತು: ಕಾನೂನುಬದ್ಧ ನಿರ್ದೇಶಕ ಮಂಡಳಿ ಇಲ್ಲದ ಕಂಪನಿಗೆ ಕೊನೆಗೆ ಅಸ್ತಿತ್ವವೇ ಇಲ್ಲ, ನ್ಯಾಯಾಲಯ ಅದನ್ನು ವಿಸರ್ಜಿಸಬಹುದು. ಲೆಕ್ಕಪರಿಶೋಧಕರನ್ನು ನೇಮಿಸದ ಕಂಪನಿಗೂ ಇದೇ ಗತಿ. ಲಿಂಗ ಸಮತೋಲನದ ಲೆಕ್ಕ ಕಂಪನಿ ಕಾಯ್ದೆಯೊಳಗೆ ಸೇರಿದ ಮೇಲೆ, ಅದನ್ನು ಪಾಲಿಸದ ಮಂಡಳಿ ಕಾನೂನಿನ ಕಣ್ಣಲ್ಲಿ ಮಂಡಳಿಯೇ ಅಲ್ಲ ಎಂದಾಯಿತು. ಬ್ರೋನೊಯ್‌ಸುಂಡ್ ಎಂಬ ಉತ್ತರದ ಕರಾವಳಿಯ ಪುಟ್ಟ ಊರಿನಲ್ಲಿ ದೇಶದ ಕಂಪನಿಗಳೆಲ್ಲ ನೋಂದಣಿಯಾಗುವ ಕಚೇರಿಯಿದೆ. ಹೊಸ ನಿರ್ದೇಶಕರ ಹೆಸರು ಅಲ್ಲಿಗೆ ಹೋಗಬೇಕು. ಅಲ್ಲಿನ ಗುಮಾಸ್ತರು ಹೆಸರುಗಳನ್ನು ಎಣಿಸಿ, ಲೆಕ್ಕ ಸರಿ ಬರದಿದ್ದರೆ ಕಾಗದ ವಾಪಸು ಕಳಿಸುತ್ತಾರೆ. ವಾದವಿಲ್ಲ, ವಿನಾಯಿತಿಯ ಅರ್ಜಿಯಿಲ್ಲ. ಎಷ್ಟೋ ದೇಶಗಳಲ್ಲಿ ಒಳ್ಳೆಯ ಕಾನೂನುಗಳು ಸೋಲುವುದು ಅವನ್ನು ನೋಡಿಕೊಳ್ಳುವವರು ಯಾರು ಎಂದು ಯೋಚಿಸದೇ ಬರೆಯುವುದರಿಂದ. ಇಲ್ಲಿ ಆ ಕೆಲಸ ಆಗಲೇ ನಡೆಯುತ್ತಿದ್ದ ಕಚೇರಿಗೆ ಸೇರಿತು.

ಉದ್ಯಮಿಗಳ ಒಕ್ಕೂಟವಾದ ಎನ್‌ಎಚ್‌ಒ ಈ ಕಾನೂನನ್ನು ಬಲವಾಗಿಯೇ ವಿರೋಧಿಸಿತು. ಆದರೆ ವಿರೋಧಿಸುತ್ತಾ ಸುಮ್ಮನೆ ಕೂರಲಿಲ್ಲ. ಕಡ್ಡಾಯ ಬೇಡವಾದರೆ ತಾವೇ ಹುಡುಕಿ ತೋರಿಸಬೇಕಿತ್ತು. 2003ರಲ್ಲಿ ಅವರು ‘ಫೀಮೇಲ್ ಫ್ಯೂಚರ್’ ಎಂಬ ಕಾರ್ಯಕ್ರಮ ಶುರುಮಾಡಿದರು. ಸದಸ್ಯ ಕಂಪನಿಗಳು ತಮ್ಮಲ್ಲೇ ಕೆಲಸ ಮಾಡುತ್ತಿರುವ ಸಮರ್ಥ ಹೆಂಗಸರನ್ನು ಗುರುತಿಸಿ ಕಳಿಸಬೇಕು. ಅವರಿಗೆ ಬೋರ್ಡಿನ ಕೆಲಸ, ನಿರ್ದೇಶಕರ ಕಾನೂನು ಹೊಣೆ, ನಾಯಕತ್ವ, ಮಾತುಗಾರಿಕೆಯ ತರಬೇತಿ. ಮುಗಿದ ಮೇಲೆ ಹುಡುಕುವವರ ಕೈಗೆ ಅವರ ಹೆಸರಿನ ಪಟ್ಟಿ. ತಾವು ಮುತ್ತಿಗಾಗಿ ಸಮುದ್ರಕ್ಕೆ ಧುಮುಕುತ್ತಿದ್ದೇವೆ ಎಂದು ಅವರು ಈ ಕೆಲಸವನ್ನು ಬಣ್ಣಿಸಿಕೊಂಡರು.

ಹೀಗೆ ಸಿಕ್ಕ ಹೆಂಗಸರು ಎಲ್ಲೋ ದೂರದಲ್ಲಿ ಅಡಗಿರಲಿಲ್ಲ. ಬಹುಪಾಲು ಜನ ಅದೇ ಕಂಪನಿಗಳ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ವಕೀಲರ ಸಂಸ್ಥೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಹತ್ತಾರು ವರ್ಷಗಳಿಂದ ಕೆಲಸ ಮಾಡಿಕೊಂಡಿದ್ದವರೇ. ನಿರ್ದೇಶಕರ ಆಯ್ಕೆ ಹೇಗೆ ನಡೆಯುತ್ತಿತ್ತು ಎಂಬುದನ್ನು ನೋಡಿದರೆ ಅವರು ಯಾಕೆ ಕಾಣಿಸಿರಲಿಲ್ಲ ಎಂದು ತಿಳಿಯುತ್ತದೆ. ಹೆಸರು ಸೂಚಿಸುವ ಸಮಿತಿಯಲ್ಲಿ ಮೂರು ನಾಲ್ಕು ಜನ. ಒಂದು ಸ್ಥಾನ ಖಾಲಿಯಾದಾಗ ತಮಗೆ ಗೊತ್ತಿರುವವರನ್ನು, ಬೇರೆ ಬೋರ್ಡಿನಲ್ಲಿ ಜೊತೆಗೆ ಕೂತವರನ್ನು, ಇನ್ನೊಂದು ಕಂಪನಿಯ ಮುಖ್ಯಸ್ಥರಾಗಿರುವವರನ್ನು ನೆನಪಿಸಿಕೊಳ್ಳುತ್ತಾರೆ. ಆ ನೆನಪಿನ ಪಟ್ಟಿಯಲ್ಲಿ ಹೆಂಗಸರಿರಲಿಲ್ಲ. ಪಟ್ಟಿ ಮುಗಿಯುವ ಮೊದಲೇ ಸ್ಥಾನ ತುಂಬಿಬಿಡುತ್ತಿತ್ತು. ನಿಯಮ ಬಂದ ಮೇಲೆ ಪಟ್ಟಿಯ ಆಚೆಗೆ ಹೋಗದೆ ಗತ್ಯಂತರವಿರಲಿಲ್ಲ.

ಇಷ್ಟಾದರೂ 2005ರ ಜುಲೈ 1 ಬಂದಾಗ ಕಂಪನಿಗಳು ಗುರಿ ಮುಟ್ಟಿರಲಿಲ್ಲ. ಇದು ಈ ಕತೆಯಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಘಟ್ಟ. ಕಾಲಾವಕಾಶವಿತ್ತು, ತರಬೇತಿ ಪಡೆದವರ ಪಟ್ಟಿಯಿತ್ತು, ಮಾಡದಿದ್ದರೆ ಕಡ್ಡಾಯ ಬರುತ್ತದೆ ಎಂಬ ಎಚ್ಚರಿಕೆಯಿತ್ತು. ಎಲ್ಲವೂ ಇದ್ದು ಸ್ವಯಂಪ್ರೇರಣೆ ಅಷ್ಟಕ್ಕೇ ನಿಂತಿತು. ಅದಾದ ಕೆಲವೇ ತಿಂಗಳಲ್ಲಿ ಸರ್ಕಾರ ಮತ್ತೆ ಬದಲಾಗಿ ಲೇಬರ್ ಪಕ್ಷ ಅಧಿಕಾರಕ್ಕೆ ಬಂತು. 2001ರಲ್ಲಿ ಕುಟುಂಬ ಖಾತೆಯಲ್ಲಿದ್ದ ಕರೀಟಾ ಬೆಕ್ಕೆಮೆಲ್ಲೆಮ್ ಮತ್ತೆ ಸಚಿವೆಯಾದರು. ಮಾತು ತಪ್ಪಿದವರ ಮೇಲೆ ಕಾನೂನು ಜಾರಿಯಾಗುತ್ತದೆ, ಮುಚ್ಚಬೇಕಾದರೆ ಮುಚ್ಚುತ್ತೇವೆ ಎಂದು ಅವರು ಸ್ಪಷ್ಟಪಡಿಸಿದರು. 2006ರ ಜನವರಿ 1ರಿಂದ ಹೊಸ ಕಂಪನಿಗಳಿಗೆ ಕಡ್ಡಾಯ, ಹಳೆಯವಕ್ಕೆ ಎರಡು ವರ್ಷ ಕಾಲಾವಕಾಶ. 2008ರ ಜನವರಿಯಲ್ಲಿ ಇನ್ನೂ ಪಾಲಿಸದಿದ್ದ 77 ಕಂಪನಿಗಳಿಗೆ ಬ್ರೋನೊಯ್‌ಸುಂಡ್‌ನಿಂದ ಪತ್ರ ಹೋಯಿತು. ನಾಲ್ಕು ವಾರದ ಗಡುವು. ಕೆಲವೇ ತಿಂಗಳಲ್ಲಿ ಎಲ್ಲವೂ ಸರಿಹೋದವು. ಒಂದೇ ಒಂದು ಕಂಪನಿಯನ್ನೂ ಮುಚ್ಚಬೇಕಾಗಿ ಬರಲಿಲ್ಲ. ಆರು ವರ್ಷದಲ್ಲಿ ಶೇ. 6 ಇದ್ದದ್ದು ಶೇ. 40 ಆಯಿತು.

ಅರ್ಹರು ಸಿಕ್ಕರೋ, ಅಥವಾ ಯಾರೋ ಸಿಕ್ಕವರನ್ನು ತಂದು ಕೂರಿಸಿದರೋ? ಇಲ್ಲಿಂದ ಮುಂದೆ ಕತೆ ಅರ್ಥಶಾಸ್ತ್ರಜ್ಞರದ್ದು. ಅವರಿಗೆ ನಾರ್ವೆ ಅಪರೂಪದ ಪ್ರಯೋಗಶಾಲೆಯಾಗಿ ಕಂಡಿತು. ಮಾಮೂಲಿಯಾಗಿ, ಹೆಂಗಸರಿರುವ ಬೋರ್ಡಿನ ಕಂಪನಿ ಹೆಚ್ಚು ಲಾಭ ಮಾಡಿತು ಎಂದು ಅಂಕಿ ತೋರಿಸಿದರೆ ಏನೂ ಸಾಬೀತಾಗುವುದಿಲ್ಲ. ಚೆನ್ನಾಗಿ ನಡೆಯುವ ಕಂಪನಿಯೇ ಹೆಂಗಸರನ್ನು ಕರೆಯುವ ಧೈರ್ಯ ಮಾಡಿರಬಹುದು. ಯಾವುದು ಕಾರಣ, ಯಾವುದು ಪರಿಣಾಮ? ಕಾನೂನು ಹೊರಗಿನಿಂದ, ಎಲ್ಲರ ಮೇಲೂ ಒಟ್ಟಿಗೆ ಬಿದ್ದಾಗ ಮಾತ್ರ ಆ ಗಂಟು ಬಿಡಿಸಲು ದಾರಿಯಾಗುತ್ತದೆ.

ಮೊದಲು ಬಂದ ಉತ್ತರ ಕಹಿಯಾಗಿತ್ತು. ಮಿಷಿಗನ್ ವಿಶ್ವವಿದ್ಯಾಲಯದ ಕೆನೆತ್ ಆಹರ್ನ್ ಮತ್ತು ಏಮಿ ಡಿಟ್ಮಾರ್ 2012ರಲ್ಲಿ ಪ್ರಕಟಿಸಿದ ಪ್ರಬಂಧ, ಗೇಬ್ರಿಯೆಲ್‌ಸೆನ್ ಅವರ ಮಾತು ಅಚ್ಚಾದ ಆ ಫೆಬ್ರವರಿ 22ರ ಷೇರು ಬೆಲೆಗಳನ್ನು ಹಿಡಿದು ನೋಡಿತು. ಒಬ್ಬ ನಿರ್ದೇಶಕಿಯೂ ಇಲ್ಲದ ಕಂಪನಿಗಳ ಷೇರು ಸುಮಾರು ಶೇ. 3.5 ಕುಸಿದಿತ್ತು, ಒಬ್ಬರಾದರೂ ಇದ್ದ ಕಂಪನಿಗಳು ಅಲುಗಾಡಿರಲಿಲ್ಲ. ಮುಂದಿನ ವರ್ಷಗಳಲ್ಲೂ ಕಂಪನಿಗಳ ಮೌಲ್ಯ ಇಳಿದಿತ್ತು ಎಂದು ಅವರು ಲೆಕ್ಕ ಹಾಕಿದರು. ಹೊಸಬರು ಹೆಚ್ಚು ಓದಿದವರಾದರೂ ವಯಸ್ಸಿನಲ್ಲಿ ಕಿರಿಯರು, ಕಂಪನಿ ನಡೆಸಿದ ಅನುಭವ ಕಡಿಮೆ, ಕಾರಣ ಅದೇ ಎಂದರು. ಈ ಪ್ರಬಂಧ ಜಗತ್ತನ್ನೆಲ್ಲ ಸುತ್ತಿತು. ಮೀಸಲು ಬೇಡ ಎನ್ನುವವರ ಕೈಗೆ ಗಟ್ಟಿ ಆಧಾರ ಸಿಕ್ಕಿತು.

ಅದನ್ನು ಮತ್ತೆ ಬಿಚ್ಚಿ ನೋಡಿದವರು ಮೂವರು: ಎಸ್ಪೆನ್ ಎಕ್‌ಬೋ, ಕ್ನುಟ್ ನ್ಯೂಗಾರ್ಡ್ ಮತ್ತು ಕರೀನ್ ಥೋರ್‌ಬರ್ನ್. ಅವರ ತಕರಾರು ಸರಳ. ಮೊದಲನೆಯದಾಗಿ, ಸುದ್ದಿ ಹೊರಬಿದ್ದದ್ದು ಒಂದೇ ದಿನವಲ್ಲ. 1999ರಿಂದ 2005ರವರೆಗೆ ಪ್ರಸ್ತಾವ, ಚರ್ಚೆ, ಮಸೂದೆ ಎಂದು ಹಲವು ಸಲ ಬಂದಿತ್ತು. ಆ ದಿನಗಳನ್ನೆಲ್ಲ ಕೂಡಿಸಿ ನೋಡಿದಾಗ ಕುಸಿತ ಕಾಣಲಿಲ್ಲ. ಎರಡನೆಯದಾಗಿ, ಒಂದೇ ಮಾರುಕಟ್ಟೆಯ ಷೇರುಗಳು ಒಂದೇ ದಿನ ಒಟ್ಟಿಗೆ ಏರಿಳಿಯುತ್ತವೆ. ನೂರು ಷೇರು ಒಟ್ಟಿಗೆ ಇಳಿದರೆ ಅದು ನೂರು ಬೇರೆ ಬೇರೆ ಸಾಕ್ಷಿಯಲ್ಲ. ಅದನ್ನು ಲೆಕ್ಕಕ್ಕೆ ತಂದ ಮೇಲೆ ಆ ಶೇ. 3.5 ಆಕಸ್ಮಿಕಕ್ಕಿಂತ ಬೇರೆಯೆಂದು ಹೇಳುವಂತಿರಲಿಲ್ಲ. 2022ರಲ್ಲಿ ಪ್ರಕಟವಾದ ಅವರ ತೀರ್ಮಾನ: ಕಾನೂನಿನಿಂದ ಕಂಪನಿಗಳ ಮೌಲ್ಯ ಕುಸಿಯಿತು ಎನ್ನುವುದಕ್ಕೆ ಪುರಾವೆ ಇಲ್ಲ, ಅರ್ಹ ಹೆಂಗಸರ ಪೂರೈಕೆ ಸಾಕಷ್ಟಿತ್ತು. ಹಣ ಹೂಡುವವರ ದೃಷ್ಟಿಯಿಂದ ಇದು ದೊಡ್ಡ ಸಂಗತಿ. ಲಾಭ ಹೆಚ್ಚಾಯಿತು ಎಂದು ಅವರೂ ಹೇಳಿಲ್ಲ. ಬೋರ್ಡಿಗೆ ಹೆಂಗಸರು ಬಂದರೆ ಷೇರು ಬೆಲೆ ಜಿಗಿಯುತ್ತದೆ ಎಂದು ಕೆಲವು ಸಲಹಾ ಸಂಸ್ಥೆಗಳು ಹೇಳುತ್ತವಲ್ಲ, ಅದನ್ನು ನಾನು ನಂಬುವುದಿಲ್ಲ. ಗಂಡಸರನ್ನು ಬೋರ್ಡಿಗೆ ಸೇರಿಸಲು ಯಾರೂ ಈ ಪುರಾವೆ ಕೇಳಿದ್ದಿಲ್ಲ.

ಅರ್ಹತೆಯ ಪ್ರಶ್ನೆಯನ್ನು ನೇರವಾಗಿ ಹಿಡಿದವರು ಮರಿಯಾನ್ ಬರ್ಟ್ರಾಂಡ್, ಸಾಂಡ್ರಾ ಬ್ಲ್ಯಾಕ್, ಸಿಸ್ಸೆಲ್ ಯೆನ್ಸೆನ್ ಮತ್ತು ಏಡ್ರಿಯಾನಾ ಯೆರಾಸ್-ಮ್ಯೂನಿ. ನಾರ್ವೆಯಲ್ಲಿ ಪ್ರತಿಯೊಬ್ಬರ ಓದು, ಉದ್ಯೋಗ, ಆದಾಯ, ಕುಟುಂಬ ಎಲ್ಲವೂ ಸರ್ಕಾರಿ ದಾಖಲೆಗಳಲ್ಲಿ ಒಂದಕ್ಕೊಂದು ಕೊಂಡಿಯಾಗಿರುತ್ತದೆ. ಸಂಶೋಧಕರಿಗೆ ಹೆಸರು ಅಳಿಸಿದ ಆ ದಾಖಲೆ ಸಿಗುತ್ತದೆ. ಅವರು ಕಾನೂನಿಗೆ ಮೊದಲು ನಿರ್ದೇಶಕಿಯರಾದವರನ್ನೂ ಕಾನೂನಿನ ನಂತರ ಆದವರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು. ಕಡ್ಡಾಯ ಬಂದ ಮೇಲೆ ಗುಣಮಟ್ಟ ಇಳಿದಿರಬೇಕು ಎಂದಲ್ಲವೇ ಎಲ್ಲರ ಊಹೆ? ಅದು ತಲೆಕೆಳಗಾಯಿತು. ನಂತರ ಬಂದವರು ಮೊದಲಿದ್ದವರಿಗಿಂತ ಹೆಚ್ಚು ಓದಿದವರು, ಹೆಚ್ಚು ಸಂಬಳದ ಹುದ್ದೆಯಲ್ಲಿದ್ದವರು. ಬೋರ್ಡಿನೊಳಗೆ ಗಂಡು ಹೆಣ್ಣಿನ ಗಳಿಕೆಯ ಅಂತರವೂ ಕುಗ್ಗಿತು. ಸ್ವತಂತ್ರವಾಗಿ ಆರಿಸುವಾಗ ಕಂಪನಿಗಳು ಅತ್ಯುತ್ತಮರನ್ನೇ ಆರಿಸುತ್ತಿದ್ದವು, ಕಡ್ಡಾಯ ಅದನ್ನು ಕೆಡಿಸುತ್ತದೆ ಎಂಬ ವಾದ ಇಲ್ಲಿಗೆ ಬಿತ್ತು. ನನಗೆ ಈ ಇಡೀ ಕತೆಯ ಶಿಖರ ಈ ಒಂದು ಹೋಲಿಕೆ.

ಅದೇ ಪ್ರಬಂಧದ ಉಳಿದ ಭಾಗ ಅಷ್ಟು ಸಂತೋಷ ಕೊಡುವುದಿಲ್ಲ, ಆದರೆ ಅದನ್ನು ಬಿಟ್ಟು ಮುಂದೆ ಹೋಗುವುದು ಪ್ರಾಮಾಣಿಕವಲ್ಲ. ಬೋರ್ಡಿಗೆ ಹೆಂಗಸರು ಬಂದದ್ದರಿಂದ ಅದೇ ಕಂಪನಿಯ ಕೆಳಹಂತದ ಉದ್ಯೋಗಸ್ಥೆಯರ ಸಂಬಳ, ಬಡ್ತಿಯಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಮುಖ್ಯ ಕಾರ್ಯನಿರ್ವಾಹಕರ ಕುರ್ಚಿಗಳಲ್ಲಿ ಬಹುಪಾಲು ಗಂಡಸರೇ ಉಳಿದರು. ಕೆಲವೇ ಹೆಂಗಸರು ಹಲವು ಬೋರ್ಡುಗಳಲ್ಲಿ ಕೂತರು, ಅವರನ್ನು ‘ಚಿನ್ನದ ಲಂಗದವರು’ ಎಂದು ಪತ್ರಿಕೆಗಳು ಚುಚ್ಚಿದವು. ಹತ್ತಾರು ಬೋರ್ಡುಗಳಲ್ಲಿ ಕೂತ ಗಂಡಸರಿಗೆ ಅಂಥ ಹೆಸರು ಯಾರೂ ಇಟ್ಟಿರಲಿಲ್ಲ. ಇನ್ನು ಕೆಲವು ಕಂಪನಿಗಳು ಕಾನೂನು ಅನ್ವಯಿಸದ ಖಾಸಗಿ ಸ್ವರೂಪಕ್ಕೆ ಬದಲಾಗಿ ನುಣುಚಿಕೊಂಡವು. ಆ ಕಿಂಡಿಯನ್ನೂ ನಾರ್ವೆ ಈಗ ಮುಚ್ಚುತ್ತಿದೆ. 2024ರ ಕೊನೆಯಿಂದ 2028ರವರೆಗೆ ಹಂತಹಂತವಾಗಿ ದೊಡ್ಡ ಖಾಸಗಿ ಕಂಪನಿಗಳಿಗೂ ಇದೇ ಲೆಕ್ಕ ಅನ್ವಯವಾಗಲಿದೆ.

ಇನ್ನೊಂದು ಅಧ್ಯಯನವನ್ನು ಹೇಳದೇ ಇರಲಾರೆ. ಡೇವಿಡ್ ಮಾಟ್ಸಾ ಮತ್ತು ಅಮಾಲಿಯಾ ಮಿಲ್ಲರ್ ನಾರ್ವೆಯ ಕಂಪನಿಗಳನ್ನು ನೆರೆಯ ದೇಶಗಳ ಅಂಥವೇ ಕಂಪನಿಗಳ ಜೊತೆ ಹೋಲಿಸಿದರು. ಕಾನೂನಿಗೆ ಒಳಪಟ್ಟ ಕಂಪನಿಗಳು ಕೆಲಸಗಾರರನ್ನು ತೆಗೆದದ್ದು ಕಡಿಮೆ. ಅದರಿಂದ ಸಂಬಳದ ವೆಚ್ಚ ಹೆಚ್ಚಾಗಿ ಆ ವರ್ಷಗಳ ಲಾಭ ಇಳಿದಿತ್ತು. ಷೇರು ಬೆಲೆಯನ್ನಷ್ಟೇ ನೋಡುವವರಿಗೆ ಇದು ದೌರ್ಬಲ್ಯ. ಕೆಲಸ ಉಳಿಸಿಕೊಂಡ ಮನೆಗಳ ಕಡೆಯಿಂದ ನೋಡಿದರೆ ಹಾಗೆ ಕಾಣದು. ಬೋರ್ಡಿನಲ್ಲಿ ಯಾರು ಕೂರುತ್ತಾರೆ ಎಂಬುದು ಹೊರಗೆ ಕೂತವರ ಬದುಕನ್ನೂ ಮುಟ್ಟುತ್ತದೆ ಎನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ನನಗೆ ಬೇಕಿಲ್ಲ.

ನಾರ್ವೆಯ ಹಿಂದೆ ಸ್ಪೇನ್, ಐಸ್‌ಲ್ಯಾಂಡ್, ಫ್ರಾನ್ಸ್, ಇಟಲಿ, ಜರ್ಮನಿ ನಡೆದವು. ಫ್ರಾನ್ಸ್ 2011ರ ಕಾನೂನಿನಲ್ಲಿ ಮೊದಲು ಶೇ. 20, 2017ಕ್ಕೆ ಶೇ. 40 ಎಂದಿತು. ಕ್ಯಾಲಿಫೋರ್ನಿಯಾ 2018ರಲ್ಲಿ ತಂದ ಕಾನೂನನ್ನು 2022ರಲ್ಲಿ ನ್ಯಾಯಾಲಯ ಹೊಡೆದುಹಾಕಿತು. ಅದೇ ವರ್ಷ ಯುರೋಪಿಯನ್ ಒಕ್ಕೂಟ, ಹತ್ತು ವರ್ಷ ಎಳೆದಾಡಿದ ಮೇಲೆ, ತನ್ನ ಸದಸ್ಯ ದೇಶಗಳಿಗೆಲ್ಲ 2026ರ ಜೂನ್ ಗಡುವು ಹಾಕಿತು.

ಭಾರತದ ಸರದಿ 2011ರ ಡಿಸೆಂಬರಿನಲ್ಲಿ ಬಂತು. ಆಗ ಕಂಪನಿ ವ್ಯವಹಾರಗಳ ಸಚಿವರಾಗಿದ್ದವರು ನಮ್ಮ ವೀರಪ್ಪ ಮೊಯಿಲಿ. ಅವರು ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯಲ್ಲಿ ನಿಗದಿತ ವರ್ಗದ ಕಂಪನಿಗಳಿಗೆ ಕನಿಷ್ಠ ಒಬ್ಬ ನಿರ್ದೇಶಕಿ ಇರಬೇಕೆಂಬ ಮಾತಿತ್ತು. 2013ರಲ್ಲಿ ಅದು ಕಾಯ್ದೆಯಾಯಿತು. 149ನೇ ಕಲಮು ಮತ್ತು ಅದರ ನಿಯಮಗಳ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತವಾದ ಎಲ್ಲ ಕಂಪನಿಗಳಿಗೂ, 100 ಕೋಟಿ ರೂಪಾಯಿ ಪಾವತಿ ಬಂಡವಾಳ ಅಥವಾ 300 ಕೋಟಿ ವಹಿವಾಟು ಅಥವಾ ಅದಕ್ಕಿಂತ ಹೆಚ್ಚಿರುವ ಇತರ ಪಬ್ಲಿಕ್ ಕಂಪನಿಗಳಿಗೂ ಇದು ಕಡ್ಡಾಯ. ಏಷ್ಯಾದಲ್ಲಿ ಇದು ದಿಟ್ಟ ಹೆಜ್ಜೆಯೇ.

ಆದರೆ ‘ಒಬ್ಬ’ ಎಂಬ ಲೆಕ್ಕದಲ್ಲಿ ತೊಡಕಿತ್ತು. ರೋಸಬೆತ್ ಮಾಸ್ ಕಾಂಟರ್ ಎಂಬ ಸಮಾಜಶಾಸ್ತ್ರಜ್ಞೆ 1977ರಲ್ಲೇ ಅಮೆರಿಕದ ಒಂದು ಕಂಪನಿಯೊಳಗೆ ಕೂತು ನೋಡಿ ಬರೆದಿದ್ದರು: ಗಂಡಸರ ನಡುವೆ ಒಬ್ಬಳೇ ಇದ್ದಾಗ ಅವಳು ಏನು ಹೇಳಿದರೂ ಅದು ‘ಹೆಂಗಸರ ಮಾತು’ ಆಗುತ್ತದೆ, ಅವಳ ತಪ್ಪು ಎಲ್ಲರಿಗೂ ಕಾಣುತ್ತದೆ, ಅವಳ ಕೆಲಸ ಕಾಣುವುದಿಲ್ಲ. 2006ರಲ್ಲಿ ವಿಕಿ ಕ್ರೇಮರ್, ಅಲಿಸನ್ ಕೊನ್ರಾಡ್, ಸುಮ್ರು ಎರ್ಕುಟ್ ಎಂಬ ಮೂವರು 50 ನಿರ್ದೇಶಕಿಯರನ್ನು ಮಾತಾಡಿಸಿ ಕಂಡುಕೊಂಡದ್ದು, ಮೂರನೆಯ ಹೆಂಗಸು ಬಂದಾಗ ಕೋಣೆಯ ಹವೆ ಬದಲಾಗುತ್ತದೆ ಎಂದು. ಒಬ್ಬಳಿದ್ದಾಗ ಪ್ರತಿನಿಧಿ, ಇಬ್ಬರಿದ್ದಾಗ ಅಕ್ಕಪಕ್ಕ ಕೂತರೂ ಪಿತೂರಿ ಎಂಬ ಅನುಮಾನ, ಮೂವರಾದ ಮೇಲೆ ನಿರ್ದೇಶಕರು. ನಾರ್ವೆಯ ಲೆಕ್ಕ ಆರು ಜನರ ಬೋರ್ಡಿಗೆ ಮೂವರನ್ನು ಕೇಳಿತ್ತು. ನಮ್ಮ ಲೆಕ್ಕ ಹನ್ನೆರಡು ಜನರಿದ್ದರೂ ಒಬ್ಬರಿಗೇ ತೃಪ್ತಿಪಟ್ಟಿತು.

ಪರಿಣಾಮ ಗೊತ್ತೇ ಇದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಗಡುವು 2014ರ ಅಕ್ಟೋಬರಿನಿಂದ 2015ರ ಏಪ್ರಿಲ್ 1ಕ್ಕೆ ಮುಂದೆ ಹೋಯಿತು. ಮಾರ್ಚ್ ಕೊನೆಯ ದಿನಗಳಲ್ಲಿ ನೇಮಕಗಳ ನೂಕುನುಗ್ಗಲು. ಪ್ರವರ್ತಕರ ಹೆಂಡತಿ, ಮಗಳು, ಸೊಸೆ, ತಾಯಿ ಎಷ್ಟೋ ಕಂಪನಿಗಳಲ್ಲಿ ನಿರ್ದೇಶಕಿಯರಾದರು. ಅವರಲ್ಲಿ ಸಮರ್ಥರಿದ್ದರು, ಅದನ್ನು ಅಲ್ಲಗಳೆಯಲಾರೆ. ಆದರೆ ಹುಡುಕುವ ಕಷ್ಟ ತಪ್ಪಿಸಿಕೊಳ್ಳಲು ಮನೆಯೊಳಗೇ ಸ್ಥಾನ ತುಂಬಿದರೆ ಕಾನೂನಿನ ಉದ್ದೇಶವೇ ಸೋಲುತ್ತದೆ. ತಪ್ಪಿದವರಿಗೆ ಸೆಬಿ ಹಾಕಿದ ಮೊದಲ ಹಂತದ ದಂಡ 50,000 ರೂಪಾಯಿ. ದೊಡ್ಡ ಕಂಪನಿಯೊಂದರ ಒಂದು ಬೋರ್ಡ್ ಸಭೆಯ ಖರ್ಚೂ ಅಷ್ಟಕ್ಕೆ ಮುಗಿಯುವುದಿಲ್ಲ. ತಾನೇ ನೇಮಿಸಿದ್ದ ಉದಯ್ ಕೋಟಕ್ ಸಮಿತಿಯ ವರದಿಯ ಮೇಲೆ ಸೆಬಿ ನಂತರ ನಿಯಮ ಬಿಗಿಗೊಳಿಸಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಕಂಪನಿಗಳಿಗೆ 2019ರ ಏಪ್ರಿಲ್‌ನಿಂದ, ಮೊದಲ 1,000 ಕಂಪನಿಗಳಿಗೆ 2020ರ ಏಪ್ರಿಲ್‌ನಿಂದ ಒಬ್ಬ ಸ್ವತಂತ್ರ ನಿರ್ದೇಶಕಿ ಇರಲೇಬೇಕು, ಅಂದರೆ ಪ್ರವರ್ತಕರ ಮನೆಯವರಾಗಿರುವಂತಿಲ್ಲ. ಕಾಯ್ದೆಗೆ ಮೊದಲು ಶೇ. 5ರ ಆಸುಪಾಸಿನಲ್ಲಿದ್ದ ಪಾಲು ಈಗ ಶೇ. 20ರ ಹತ್ತಿರ ಬಂದಿದೆ. ಹೆಚ್ಚು ನೋವಾಗುವುದು ಸರ್ಕಾರಿ ಕಂಪನಿಗಳನ್ನು ನೋಡಿದಾಗ. ಕಾನೂನು ಮಾಡಿದ ಸರ್ಕಾರವೇ ಅಲ್ಲಿ ನಿರ್ದೇಶಕರನ್ನು ನೇಮಿಸಬೇಕು. ನೇಮಿಸದೆ ಸ್ಥಾನ ಖಾಲಿ ಬಿದ್ದು ಷೇರು ವಿನಿಮಯ ಕೇಂದ್ರಗಳು ಅವಕ್ಕೆ ದಂಡ ಹಾಕಿದ್ದು ಒಂದೆರಡು ಸಲವಲ್ಲ.

ಕರ್ನಾಟಕಕ್ಕೆ ಈ ಪರೀಕ್ಷೆ ಹೊಸದೇನಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬರು ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಸಿದರು. ಸಂವಿಧಾನದ 73ನೇ ತಿದ್ದುಪಡಿ ಬರಲು ಇನ್ನೂ ವರ್ಷಗಳಿದ್ದವು. ಹಳ್ಳಿಯಲ್ಲಿ ನಿಲ್ಲಲು ಹೆಂಗಸರು ಎಲ್ಲಿದ್ದಾರೆ ಎಂಬ ಪ್ರಶ್ನೆ ಆಗಲೂ ಬಂದಿತ್ತು. ಸಾವಿರಾರು ಜನ ನಿಂತರು, ಗೆದ್ದರು. ಗಂಡನೇ ಸಹಿ ಹಾಕಿಸುವ ಕತೆಗಳು ನಡೆದದ್ದೂ ನಿಜ, ಹೆಂಡತಿ ಎರಡನೆಯ ಅವಧಿಗೆ ತಾನೇ ಸಭೆ ನಡೆಸಿದ್ದೂ ನಿಜ. ಕಂಪನಿಗಳ ಕಡೆಗೆ ಬಂದರೆ, 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಕಟ್ಟಿದ ಕಿರಣ್ ಮಜುಂದಾರ್ ಶಾ 2014ರ ಜನವರಿಯಲ್ಲಿ ಇನ್ಫೊಸಿಸ್ ಬೋರ್ಡಿಗೆ ಬಂದು, ಮುಂದೆ ಅಲ್ಲಿನ ಪ್ರಧಾನ ಸ್ವತಂತ್ರ ನಿರ್ದೇಶಕಿಯಾಗಿ 2023ರವರೆಗೆ ಇದ್ದರು. ಅಂಥವರು ಒಬ್ಬರೇ ಎಂದು ಬೆಂಗಳೂರಿನ ಯಾವ ಕಚೇರಿಯ ಒಳಹೊಕ್ಕವರೂ ಹೇಳಲಾರರು.

ಹಾಗಾಗಿ ನನ್ನ ತೀರ್ಮಾನ ಇದು: ಕಡ್ಡಾಯ ಬೇಕು, ಮತ್ತು ಒಬ್ಬರಿಗೆ ನಿಲ್ಲಬಾರದು. ಷೇರುಪೇಟೆಯ ಕಂಪನಿಗಳ ಬೋರ್ಡಿನಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರಿರಬೇಕು. ಪಾಲಿಸದ ಮಂಡಳಿಯನ್ನು ಕಾನೂನು ಮಂಡಳಿಯೆಂದೇ ಒಪ್ಪಬಾರದು. ಸರ್ಕಾರಿ ಕಂಪನಿಗಳು ಎಲ್ಲರಿಗಿಂತ ಮೊದಲು ಇದನ್ನು ಮಾಡಬೇಕು. ಸಂಸತ್ತು ಅದನ್ನು ಮಾಡುವವರೆಗೆ ಕಾಯಬೇಕಾಗಿಲ್ಲ. ಕನ್ನಡದ ಲಕ್ಷಾಂತರ ಮನೆಗಳಲ್ಲಿ ಈಗ ಡಿಮ್ಯಾಟ್ ಖಾತೆಯಿದೆ. ವಾರ್ಷಿಕ ಸಭೆಯ ನೋಟಿಸು ಇ-ಮೇಲಿಗೆ ಬಂದಾಗ ತೆರೆದು ನೋಡಿ. ಯಾರನ್ನು ನಿರ್ದೇಶಕರಾಗಿ ನೇಮಿಸುತ್ತಿದ್ದಾರೆ ಎಂಬುದು ಅದರಲ್ಲಿರುತ್ತದೆ, ಬೋರ್ಡಿನ ಪೂರ್ತಿ ಪಟ್ಟಿ ವಾರ್ಷಿಕ ವರದಿಯಲ್ಲಿರುತ್ತದೆ. ಸಭೆಗೆ ಮೊದಲು ಕನಿಷ್ಠ ಮೂರು ದಿನ ಇ-ವೋಟಿಂಗ್ ತೆರೆದಿರುತ್ತದೆ. ಒಂದೇ ಷೇರು ಇದ್ದರೂ ಮತ ನಿಮ್ಮದು, ಹಾಕಿ.